ಚಿಲ್ಲರೆ

ಹಿಟ್ಟಿನ ಚೀಲ. ಮೇಲೆ ಇನ್ನೂ ಗಿರಣಿಯ ಹೆಸರು.
ಇಬ್ಬರು ಹೊತ್ತು ತಂದು ನನ್ನ ಕಿಟಕಿಯ ಕಟ್ಟೆಗಿಟ್ಟರು.
ಹಲಗೆ ನರಳಿತು.
"ಫೀಸು, ಮ್ಯಾಡಂ," ಎಂದಳು ಹುಡುಗಿ,
"ಏರಿಸಿದಷ್ಟು ಮಾತ್ರ. ಮೂರು ಸಾವಿರದ ಇನ್ನೂರ ನಲವತ್ತು.
ಎಲ್ಲ ಒಂದೊಂದರ ನಾಣ್ಯ."
ಹೆಸರು ಊರ್ಮಿಳಾ ವಸಾವೆ, ಜಿಲ್ಲೆ ನಂದುರ್‌ಬಾರ್.
ಅವಳ ಹಿಂದೆ ತಲೆದಿಂಬಿನ ಚೀಲ ಹಿಡಿದ ಹುಡುಗ,
ಅವನ ಹಿಂದೆ ಇನ್ನೊಂದು ಚೀಲ, ಇನ್ನೊಂದು,
ಸಾಲು ಜಿನೆಯ ತಿರುವು ದಾಟಿತ್ತು.

ಕಲೀನಾ. ಧರಣಿಯ ಹನ್ನೊಂದನೇ ದಿನ.
ನಾನು ಸುಕನ್ಯಾ ಮೆಂಡನ್, ನಾಲ್ಕನೇ ಕಿಟಕಿ,
ನಿವೃತ್ತಿಗೆ ಇನ್ನು ನಲವತ್ತಾರು ದಿನ.
ದಿನವೂ ಇವರ ಚಪ್ಪಲಿ ಸಾಲು ದಾಟಿಯೇ ಒಳಗೆ ಬರುತ್ತೇನೆ,
ಮುಖ ನೋಡುವುದಿಲ್ಲ, ಚಪ್ಪಲಿ ನೋಡುತ್ತೇನೆ.
ಒಂದರ ಉಂಗುಷ್ಟ ಸೇಫ್ಟಿ ಪಿನ್ನಿನ ಮೇಲೆ ನಿಂತಿದೆ.

ಸಾಹೇಬರು ಬಂದರು. "ಸಾವಿರದ ಮೇಲೆ ನಾಣ್ಯ ಪಡೆಯುವಂತಿಲ್ಲ.
ಕಾಯಿದೆ."
"ಹೌದು ಸರ್. ಒಂದು ರಸೀದಿಗೆ ಸಾವಿರ.
ನಾಲ್ಕು ರಸೀದಿ ಹರಿಯುತ್ತೇನೆ."
ಪಕ್ಕದ ಪೆಡ್ಣೇಕರ್ ತಿರುಗಿ ನೋಡಿದ.
ಮೂವತ್ತನಾಲ್ಕು ವರ್ಷ "ಮುಂದಿನವರು" ಅಂದಷ್ಟೇ ಗೊತ್ತಿದ್ದ ಬಾಯಿ;
ಯಾರು ಆಡಿದ್ದೆಂದು
ನನಗೂ ತಿರುಗಿ ನೋಡಬೇಕೆನಿಸಿತು.

ಎಣಿಸತೊಡಗಿದೆ.
ಮನೆಯಲ್ಲಿ ತುಳು, ಕಚೇರಿಗೆ ಮರಾಠಿ,
ಲೋಕಲಿನಲ್ಲಿ ಬಾಯಿಗೆ ಬಂದದ್ದು.
ಎಣಿಕೆ ಮಾತ್ರ ಕನ್ನಡದಲ್ಲಿ, ಇವತ್ತಿಗೂ.
ಫೋರ್ಟಿನ ರಾತ್ರಿಶಾಲೆ ಕೊಟ್ಟದ್ದು ಅದು.
ಹಗಲೆಲ್ಲ ಹಪ್ಪಳ ಲಟ್ಟಿಸಿದ ಕೈ, ಮಿಣುಕುವ ಟ್ಯೂಬ್‌ಲೈಟು,
ತಿಂಗಳಿಗೆ ಎಂಟಾಣೆ ಫೀಸು.
ಅಪ್ಪನ ದೋಣಿ ಸಸೂನ್ ಡಾಕಿನಲ್ಲಿ ಕಟ್ಟಿಬಿದ್ದ ತಿಂಗಳು
ಅದೂ ಇರುತ್ತಿರಲಿಲ್ಲ.
ಮಾಸ್ತರರು ಪುಸ್ತಕದಲ್ಲಿ "ಬಂತು" ಎಂದೇ ಬರೆಯುತ್ತಿದ್ದರು.
ಎಲ್ಲಿಂದ ಬಂತು ಸರ್?
"ಸರ್ಕಾರ ಕೊಟ್ಟಿತು, ಕೂತುಕೋ."
ಸರ್ಕಾರ ಅಂದರೆ ಬಿಳಿ ಅಂಗಿಯ ಯಾರೋ ಮಾವ
ಅಂದುಕೊಂಡಿದ್ದೆ.

ನೂರ ಹನ್ನೆರಡು, ನೂರ ಹದಿಮೂರು.
ಅರಿಶಿನ ಮೆತ್ತಿದ್ದು, ಮೀನಿನ ಪೊರೆ ಅಂಟಿದ್ದು,
ಕುರ್ಲಾದ ರಿಕ್ಷಾದವರದು, ಕ್ಯಾಂಟೀನಿನ ಜಿಡ್ಡಿನದು,
ರೈಲು ಹಾದು ಚಪ್ಪಟೆಯಾದದ್ದೊಂದು.
ಅದನ್ನು ವಾಪಸು ಕೊಟ್ಟೆ, ನಿಯಮ.
ಹೊರಗೆ ಡಫಲಿ. ಬೆರಳು ಕೇಳದೆ ಅದರ ತಾಳ ಹಿಡಿಯಿತು.

ಹುಡುಗ ಗಾಜಿನ ತೂತಿಗೆ ಬಾಯಿಟ್ಟು ಕೇಳಿದ:
"ವಿಶ್ವವಿದ್ಯಾಲಯಕ್ಕೆ ಬರಬೇಕಾದ ಅನುದಾನ
ಎಷ್ಟು ಬಾಕಿ, ಗೊತ್ತೇ ಮ್ಯಾಡಂ?"
ಮಗೂ, ಆ ಪತ್ರ ಟೈಪು ಮಾಡುವವಳು ನಾನೇ.
ಪ್ರತಿ ಮಾರ್ಚಿಗೂ ಅದೇ ಪತ್ರ,
"ದಯಮಾಡಿ ಬಿಡುಗಡೆಗೊಳಿಸಬೇಕಾಗಿ ವಿನಂತಿ."
ಇಸವಿ ಒಂದು ಬದಲಾಗುತ್ತದೆ.
ನೀನು ಹತ್ತು ದಿನ ತಡಮಾಡಿದರೆ ದಂಡಶುಲ್ಕ.
ಅವರ ಫಾರ್ಮಿನಲ್ಲಿ ಆ ಕಾಲಮ್ಮೇ ಇಲ್ಲ.
ಇದನ್ನೆಲ್ಲ ಹೇಳಲಿಲ್ಲ.
"ಗಲಾಟೆ ಮಾಡಬೇಡ, ಲೆಕ್ಕ ತಪ್ಪುತ್ತದೆ" ಅಂದೆ.

ಎರಡು ಸಲ ತಪ್ಪಿತು.
ಒಂದು ಸಲ ನಿಜವಾಗಿಯೂ.
ಮತ್ತೆ ಒಂದರಿಂದ.
ಸಾಹೇಬರು ಗಡಿಯಾರ ನೋಡಿದರು, "ಬೇಗ, ಬೇಗ."
"ಸರ್ಕಾರಿ ದುಡ್ಡು ಸರ್, ಸರಿಯಾಗಿ ಎಣಿಸಬೇಕು."
ಊಟದ ಹೊತ್ತು ಕಳೆದು
ಒಬ್ಬಳ ನಾಲ್ಕು ರಸೀದಿ ಮುಗಿದಾಗ
ಸಾಲು ಹಾಗೇ ಇತ್ತು, ಉದ್ದಕ್ಕೆ, ನಗುತ್ತ.
ಊರ್ಮಿಳಾ ರಸೀದಿ ಮಡಚಿ ಒಳಗಿಟ್ಟುಕೊಂಡು
ಮತ್ತೆ ಹೊರಗೆ ಹೋಗಿ ಕೂತಳು.

ಐದಕ್ಕೆ ವ್ಯಾನು ಬಂತು.
ಕಿಟಕಿಯಿಂದ ಏನೂ ಕಾಣುವುದಿಲ್ಲ, ಡಫಲಿ ನಿಂತದ್ದು ಕೇಳಿಸಿತು.
ಕ್ಯಾಶು ಕಟ್ಟುವಾಗ ನೋಡಿದೆ,
ಅವಳದು ಮೂರು ಸಾವಿರದ ಇನ್ನೂರ ನಲವತ್ತೊಂದು.
ಎರಡು ಸಲ ಎಣಿಸಿದ ಮೇಲೂ!
ಕಡಿಮೆ ಬಿದ್ದರೆ ಬರೆಯಲು ಜಾಗವಿದೆ.
ಹೆಚ್ಚಿಗೆ ಎಲ್ಲಿ ಬರೆಯಲಿ?

ಹೊರಗೆ ಚಪ್ಪಲಿಗಳಷ್ಟೇ ಉಳಿದಿದ್ದವು.
ಪಿನ್ನಿನದು ಒಂದೇ ಇತ್ತು, ಜೊತೆಯದು ಕಾಣಲಿಲ್ಲ.
ದಾಟಲಾಗಲಿಲ್ಲ ಇವತ್ತು, ಹಿಂಬಾಗಿಲಿಂದ ಸುತ್ತು ಹಾಕಿದೆ,
ಬಸ್ಸು ತಪ್ಪಿತು.

ಡೊಂಬಿವಲಿವರೆಗೂ ಕೈಯಲ್ಲಿ ನಾಣ್ಯದ ವಾಸನೆ.
ಪಕ್ಕದವಳು ಮೂಗು ಸರಿಸಿದಳು.
ನಾಳೆ ಮೊದಲ ಫಾಸ್ಟ್ ಹಿಡಿಯಬೇಕು.
ವಕೋಲಾ ಠಾಣೆ ಆಫೀಸಿಗಿಂತ ಮೊದಲೇ ಸಿಗುತ್ತದೆ,
ಒಂದು ರೂಪಾಯಿ ಕೊಡುವುದಿದೆ.