ಮಂಗಳವಾರದ ವ್ಯಾನು

ಏಳೂವರೆಗೆ ಹೊರಟರೆ ಒಂಬತ್ತಕ್ಕೆ ಕೋರ್ಟು.
ಕೆಂಟಕಿಯ ಈ ಕಣಿವೆಗೆ ಬಸ್ಸಿಲ್ಲ; ಗಣಿ ಮುಚ್ಚಿದ ವರ್ಷವೇ
ಅದೂ ನಿಂತಿತು, ಹೇಳದೆ ಕೇಳದೆ.
ಚರ್ಚಿನ ವ್ಯಾನು ನನ್ನ ಕೈಯಲ್ಲಿ.
ಹೀಟರಿನ ಬಿಸಿ ಬಲಗಡೆಗೆ ಮಾತ್ರ,
ನನ್ನ ಮೊಣಕಾಲಿಗೆ ಬರೀ ಅದರ ಸದ್ದು.

ಮೊದಲ ಮನೆ ಲೊರೆಟ್ಟಾ. ಹಲ್ಲಿಲ್ಲದ ನಗೆಗೆ
ಅಂಗೈ ಅಡ್ಡ. ತೊಂಬತ್ತೊಂದು ದಿನ, ಎನ್ನುತ್ತಾಳೆ
ಹತ್ತಿ ಕೂರುವ ಮುಂಚೆಯೇ,
ಬಸುರಿ ತಿಂಗಳು ಎಣಿಸುವ ಹಾಗೆ.

ಆಮೇಲೆ ಕೋಯ್.
ಹೋದ ವರ್ಷದ ಹಿಂದಿನ ಚಳಿಯಲ್ಲಿ
ನಮ್ಮ ಚರ್ಚಿನ ತಾಮ್ರದ ಕೊಳವೆ ಕಿತ್ತು
ಗುಜರಿಗೆ ಹಾಕಿದವನು.
ನೆಲಮಾಳಿಗೆ ತುಂಬ ನೀರು,
ಪ್ರಾರ್ಥನೆಯ ಪುಸ್ತಕಗಳು ಉಬ್ಬಿದ್ದವು ಹಿಟ್ಟಿನ ಹಾಗೆ.
ದೂರು ಕೊಟ್ಟವನು ನಾನೇ.
ಮುಂದೆ ಬಾ ಅಂತ ಬಲಗಡೆಯ ಸೀಟು
ತೋರಿಸುವವನೂ ನಾನೇ.
ಕ್ಷಮೆ ಗಿಮೆ ಅಂತ ಏನೂ ಆಡಿಕೊಂಡಿಲ್ಲ ನಾವು.
ಹವಾಮಾನ ಮಾತಾಡುತ್ತೇವೆ.

ಮೂರನೆಯ ಮನೆ, ಎಲ್ಡನ್. ದೀಪ ಉರಿಯುತ್ತಿತ್ತು.
ಎರಡು ಸಲ ಹಾರನ್ ಮಾಡಿದೆ. ನಾಯಿ ಬಂತು.

ಜಡ್ಜಮ್ಮ ಮೊದಲು ಕೇಳುವುದು ನಿದ್ದೆಯ ಬಗ್ಗೆ.
ನರ್ಸಿನ ಕೈಯಲ್ಲಿ ಮೂತ್ರದ ವರದಿ,
ಹಿಂದಿನ ಸಾಲಲ್ಲಿ ಟೈರ್ ಅಂಗಡಿಯ ಮರ್ಲ್
ಟೊಪ್ಪಿ ಹಿಡಿದು ಎದ್ದು ನಿಂತು,
'ಕೋಯ್ ಸೋಮವಾರ ತಡವಾಗಿ ಬಂದ.
ಆದರೆ ಬಂದ' ಅಂದ.
ಅಷ್ಟಕ್ಕೇ ಚಪ್ಪಾಳೆ. ಕೋರ್ಟಿನಲ್ಲಿ ಚಪ್ಪಾಳೆ!
ನನಗಿನ್ನೂ ರೂಢಿಯಾಗಿಲ್ಲ.

ಎಲ್ಡನ್ ಹೆಸರು ಕೂಗಿದರು.
ಆಕೆ ಪೆನ್ನಿನ ಮುಚ್ಚಳ ತೆಗೆದು, ವಾರಂಟು ನೋಡಿ,
ಮತ್ತೆ ಮುಚ್ಚಿದಳು.
'ಐದು ಗಂಟೆಯವರೆಗೆ ನಾನಿಲ್ಲೇ ಇರುತ್ತೇನೆ.'

ವಾಪಸು ಬರುವಾಗ ಆ ತಿರುವಿನಲ್ಲಿ
ನಿಲ್ಲಿಸು ಅಂದ ಕೋಯ್.
ನಾನು ಇಳಿಯಹೋದರೆ ತಡೆದ:
'ನೀನು ತಟ್ಟಿದರೆ ತೆಗೆಯಲ್ಲ ಅವನು.
ಆ ಬಾಗಿಲ ಒಳಗಡೆ ನಾನು ಕೂತಿದ್ದೇನೆ,
ಎಂಥ ತಟ್ಟಿಗೆ ಉಸಿರು ಬಿಗಿಹಿಡೀತಾರೆ, ಗೊತ್ತು.'

ಹೋದವನು ತಟ್ಟಲೇ ಇಲ್ಲ.
ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತ,
ನಾಯಿಯ ಕಿವಿ ಕೆರೆಯುತ್ತ, ಅದಕ್ಕೇ ಹೇಳುವವನಂತೆ
ಏನೇನೋ ಹೇಳುತ್ತ.
ಲೊರೆಟ್ಟಾ ಬಲಗಡೆಯ ಸೀಟು ಬಿಟ್ಟು
ಹಿಂದೆ ಸರಿದಳು, ಯಾರೂ ಹೇಳದೆ.

ಎರಡೂ ನಲವತ್ತು.
ಪೆಟ್ರೋಲು ಮುಳ್ಳು ಕೆಂಪಿಗೆ ಹತ್ತಿರ.
ನಾನು ಎಂಜಿನ್ ಆರಿಸಲಿಲ್ಲ.