ಏಳೇಳು ಕಳೆಯುವುದು

ಮಂಗಳೂರಿನ ಡಾಕ್ಟರಮ್ಮ, ಸಣ್ಣ ಪ್ರಾಯ,
ಮೇಜಿಗೆ ಮೊಣಕೈ ಊರಿ ಮೆಲ್ಲಗೆ ಹೇಳಿದಳು:
'ನೂರರಿಂದ ಏಳು ಕಳೆಯಿರಿ. ಉಳಿದದ್ದರಿಂದ ಮತ್ತೆ ಏಳು.
ಹಾಗೇ ಹೋಗಿ.'

ಅಂಬಾಡಿ ನನ್ನ ಮುಖ ನೋಡಿದ.
ಕಾರ್ತ್ಯಾಯಿನಿ ಸೆರಗಿಗೆ ಅಂಟಿದ ಬೀಡಿ ಎಲೆಯ ಚೂರು
ಒಂದೊಂದೇ ಹೆಕ್ಕುತ್ತಿದ್ದಳು.

'ತೊಂಬತ್ತಮೂರು' ಎಂದ.
ಅಲ್ಲಿಯೇ ನಿಂತ.
ಎಲ್ಲಿ ನಿಂತನೆಂದು ನನಗೆ ಗೊತ್ತಾಯಿತು.

ತೊಂಬತ್ತಮೂರು, ಮಾರ್ಚಿ ತಿಂಗಳು, ಉಪ್ಪಳದ ಆಚೆ
ಸುಗ್ಗಿ ಕೊಯ್ದು ಬಿಟ್ಟ ಗದ್ದೆ, ಕೂಳೆ ಕೆತ್ತಿ ಸಪಾಟು ಮಾಡಿದ್ದು.
ಬಿದಿರಿನ ಗ್ಯಾಲರಿ, ಜನರೇಟರಿನ ಹೊಗೆ,
ಮಲಯಾಳದಲ್ಲಿ ಅನೌನ್ಸು, ತುಳುವಿನಲ್ಲಿ ಬೈಗಳು,
ಬ್ಯಾರಿ ಭಾಷೆಯಲ್ಲಿ ಪಣ.
ಕನ್ನಡ ನಮ್ಮಿಬ್ಬರೊಳಗೆ ಮಾತ್ರ, ಒಂದೇ ಬೆಂಚಿನವರು.
ಇಬ್ಬನಿ ಕುಡಿದ ಚೆಂಡು
ಸುಲಿಯದ ತೆಂಗಿನಕಾಯಿಯಷ್ಟು ಭಾರ.

ಗೋಲಿನಲ್ಲಿ ನಾನು. ಹೆಸರು ವಾಮನ,
ಎತ್ತರವೂ ಅಷ್ಟರಲ್ಲೇ.
ಕಾರ್ನರು ಎದ್ದು ಬಂದರೆ ನನ್ನ ಕೈಗೆ ಸಿಗುವುದಲ್ಲ.
ಕೂಗುವುದು ಒಂದೇ: 'ಅಂಬಾಡೀ, ತಲೆ!'
ಅವನು ಕೊಡುತ್ತಿದ್ದ.

ಎಂಟು ವರ್ಷ. ಸೀಸನಿನಲ್ಲಿ ವಾರಕ್ಕೆ ಮೂರು ಆಟ,
ಶಾಲೆಯ ಗೋಡೆ ಬುಡದಲ್ಲಿ ಪ್ರಾಕ್ಟೀಸು ಬೇರೆ.
ಗೋಲಿನ ಲೆಕ್ಕ ಇಟ್ಟೆವು.
ಇದರದ್ದು ಇಡಲಿಲ್ಲ.

ಆ ರಾತ್ರಿ ಪಯ್ಯನ್ನೂರಿನವರ ಫಾರ್ವರ್ಡನ ಹಣೆಯೂ ಇವನ ಕೆನ್ನತ್ತಿಯೂ
ಕೂಡಿದ ಸದ್ದು ಗೋಲಿನ ತನಕ ಕೇಳಿತು,
ಹಲಗೆಯ ಮೇಲೆ ಹಲಗೆ ಬಿದ್ದ ಹಾಗೆ.
ಸೋಡಾ ಒಡೆದು ಮುಖಕ್ಕೆ ಎರಚಿದೆವು. ಕಣ್ಣು ಬಿಟ್ಟ.
'ಎಷ್ಟು ಬೆರಳು?' ಎಂದೆ.
'ಎರಡು.'
ನಾನು ತೋರಿಸಿದ್ದು ಮೂರು.
'ಸರಿ ಉಂಟು' ಎಂದೆ ರೆಫ್ರಿಗೆ.
ಇನ್ನೂ ಹನ್ನೆರಡು ನಿಮಿಷ ಇತ್ತು.

ಕಪ್ಪು ಹಿಡಿದು ಟೆಂಪೋದಲ್ಲಿ ಬರುವಾಗ ಕೇಳಿದ, 'ಗೆದ್ದದ್ದು ಯಾರು?'
'ನಾವು ಮಾರಾಯ!'
ಬಂದ್ಯೋಡಿನಲ್ಲಿ ಮತ್ತೆ ಕೇಳಿದ. ಕುಂಬಳೆ ಸಂಕದ ಮೇಲೆ ಮತ್ತೆ.
ನಕ್ಕು ನಕ್ಕು ಫೆಲಿಕ್ಸನಿಗೆ ಬಿಕ್ಕಳಿಕೆ ಹಿಡಿಯಿತು.
ಇಪ್ಪತ್ತು ವರ್ಷ, ಮದುವೆ ಮನೆಗಳಲ್ಲಿ, ಊಟ ಮುಗಿದ ಮೇಲೆ
ನಾನು ಹೇಳುತ್ತಿದ್ದ ಕತೆ ಅದು.
ಅವನೂ ನಗುತ್ತಿದ್ದ,
ಬೇರೆ ಯಾರದೋ ಸುದ್ದಿ ಎಂಬಂತೆ.

ಈಗ ಟ್ಯೂಬ್‌ಲೈಟು ಹಾಕಿದರೆ ಸಿಟ್ಟು.
ಚಹಕ್ಕೆ ಉಪ್ಪು. ಒಮ್ಮೆ ಅವಳ ಮೇಲೆ ಕೈ ಎತ್ತಿದ್ದನಂತೆ,
ಎತ್ತಿದ ಕೈಯನ್ನು ತಾನೇ ನೋಡುತ್ತ ನಿಂತನಂತೆ.
ಮೊನ್ನೆ ಹೊಸ ಹೈವೇಯ ಜಲ್ಲಿ ರಾಶಿ ಹತ್ತಿ
'ಆಟ ಶುರುವಾಗಲಿಲ್ಲವಾ?' ಎಂದು
ಬಂಗಾಳದ ಹುಡುಗನೊಬ್ಬನನ್ನು ಕೇಳುತ್ತಿದ್ದ.
'ತಲೆಬಿಸಿ ಮಾಡಬೇಡ' ಎನ್ನಲು ಹೊರಟವನು
ಕಾರ್ತ್ಯಾಯಿನಿಯ ಮುಖ ನೋಡಿ ನುಂಗಿಕೊಂಡೆ.

'ತಲೆಗೆ ಯಾವಾಗಲಾದರೂ ಪೆಟ್ಟು ಬಿದ್ದದ್ದುಂಟಾ?'
'ಇಲ್ಲ' ಎಂದ ಅಂಬಾಡಿ. 'ಚೆಂಡು ಮಾತ್ರ.'

ಪೆನ್ನು ನಿಂತಿತು.
ಅವನಿಗೆ ಈಗ ಹುರುಪು, ಬೆರಳು ಮಡಚತೊಡಗಿದ:
'ಏಳು ಅಂದರೆ, ಗೋಲಿಗೆ ವಾಮನ. ಅದ್ದು, ಐತಪ್ಪ,
ಫೆಲಿಕ್ಸ್, ಮೊಯ್ದು, ಕುಂಞಿರಾಮ...
ಸ್ಟಾಪರಿಗೆ ಯಾರಿದ್ದ?'
'ನೀನು.'
'ಹೌದಾ?' ಸ್ವಲ್ಪ ಹೊತ್ತು ಬಿಟ್ಟು,
'ಆಟ ಅಡ್ಡಿ ಇಲ್ಲವಾ ಅವನದ್ದು?'

ಸ್ಕ್ಯಾನಿನಲ್ಲಿ ಎಲ್ಲ ಕಾಣುವುದಿಲ್ಲ ಎಂದಳು ಡಾಕ್ಟರಮ್ಮ.
ನನಗೆ ಕಂಡದ್ದು ಮೂರು ಬೆರಳು,
ಮೇಜಿನ ಕೆಳಗೆ, ನನ್ನದೇ ತೊಡೆಯ ಮೇಲೆ.

ಸಂಜೆಯ ಬಸ್ಸು ತಲಪಾಡಿ ದಾಟುವಾಗ
ಕಿಟಕಿಯಿಂದ ಮುಖ ತಿರುಗಿಸಿ ಕೇಳಿದ,
'ಗೆದ್ದದ್ದು ಯಾರು?'

'ಆಟ ಮುಗಿಯಲಿಲ್ಲ' ಎಂದೆ. 'ಹನ್ನೆರಡು ನಿಮಿಷ ಉಂಟು.
ನೀನು ಹೊರಗೆ ಕೂತುಕೋ ಅಂಬಾಡಿ. ಸಾಕು.'

ತುಂಬ ಹೊತ್ತು ಯೋಚಿಸಿದ.
'ಕಾರ್ನರು ಬಂದರೆ?' ಎಂದ.
'ನಿನಗೆ ಸಿಗುವುದಲ್ಲ.'