ಎರಡೂ ಕಡೆ ಡಿಕ್ಕಿ

ಬೇಲೂರು ನಡುಮಧ್ಯ ಅಂದಿದ್ದ ಲ್ಯಾನ್ಸಿ ಮಿನೇಜಸ್ ಫೋನಿನಲ್ಲಿ.
ಅಲ್ಲ. ಚಿಕ್ಕಮಗಳೂರಿಂದ ಅವನಿಗೆ ಇಪ್ಪತ್ತೈದು, ಹಾಸನದಿಂದ ನನಗೆ ನಲವತ್ತು.
ಹದಿನೈದು ಕಿಲೋಮೀಟರಿನ ಮೋಸದಿಂದಲೇ
ಶುರುವಾಯಿತು ವ್ಯಾಪಾರ.

ಯಗಚಿ ಸೇತುವೆಯ ಈಚೆ, ಎಳನೀರ ಗಾಡಿಯ ಪಕ್ಕ
ಮೂತಿಗೆ ಮೂತಿ ಕೊಟ್ಟು ನಿಲ್ಲಿಸಿದೆವು.
ನನ್ನದು ಬೆಳ್ಳಿ ಬಿಎಂಡಬ್ಲ್ಯು, ವಯಸ್ಸು ಹತ್ತೊಂಬತ್ತು.
ಅವನದು ನೇರಳೆಹಣ್ಣಿನ ಬಣ್ಣದ ಪೋರ್ಷೆ, ಹದಿನೆಂಟು.
ಎರಡಕ್ಕೂ ಎರಡೇ ಸೀಟು, ಎರಡಕ್ಕೂ ಬಟ್ಟೆಯ ಸೂರು.
ಎಳನೀರಿನವನು ಮಚ್ಚು ತಡೆದು ಕೇಳಿದ:
‘ಏನಕ್ಕಾ, ಸಂಬಂಧ ನೋಡಕ್ಕಾ?’

‘ಮೊದಲು ನಿಮ್ಮದು ಹೇಳಿ ಡಾಕ್ಟ್ರೇ.’
ಹೇಳಿದೆ. ಸೂರಿನ ಮೋಟಾರು ಎರಡು ಸಲ ನೀರು ಕುಡಿದು ಸತ್ತಿದೆ,
ಈಗ ನಾನೂ ಮೆಕ್ಯಾನಿಕ್ ಜಬ್ಬಾರನೂ ಆಚೀಚೆ ನಿಂತು
ಜಮಖಾನೆ ಮಡಚಿದ ಹಾಗೆ ಕೈಯಲ್ಲೇ ಮಡಚುತ್ತೇವೆ.
ಕೂಲೆಂಟ್ ಡಬ್ಬಿ ಬೆವರುತ್ತದೆ.
ಹಗರೆಯ ಹಂಪಿಗೆ ಓರೆಯಾಗಿ ಹತ್ತದಿದ್ದರೆ
ಹೊಟ್ಟೆ ಕೆರೆಯುತ್ತದೆ, ನನ್ನದೂ.

‘ನಂದು ಎಣ್ಣೆ ಜಿನುಗ್ತದೆ,’ ಅಂದ,
‘ರಾತ್ರಿಗೆ ಒಂದು ರೂಪಾಯಿ ಪಾವಲಿಯಷ್ಟು. ಅದು ಲೆಕ್ಕಕ್ಕಿಲ್ಲ.
ಒಳಗೊಂದು ಬೇರಿಂಗಿದೆ. ಹೋಗದೇನೂ ಇರಬಹುದು.
ಹೋದರೆ ಎಂಜಿನ್ನೇ ಹೋಯ್ತು.’
‘ಲಕ್ಷಣ?’
‘ಅದೇ ಡಾಕ್ಟ್ರೇ. ಲಕ್ಷಣ ಇರೋದಿಲ್ಲ.’

ಇಪ್ಪತ್ತಾರು ವರ್ಷದಿಂದ ಜನರನ್ನು ಮಲಗಿಸುವುದು ನನ್ನ ಕಸುಬು.
ಮಲಗಿಸುವುದು ಸುಲಭ, ಸಂಬಳ ಎಬ್ಬಿಸುವುದಕ್ಕೆ.
ಕೊಯ್ಯುವವರು ಬೇರೆ, ಹೊಲಿಯುವವರು ಬೇರೆ,
ತಲೆದೆಸೆಯ ಸ್ಟೂಲಿನಲ್ಲಿ ಕೂತು
ಉಸಿರಿಗೆ ಕಿವಿಕೊಟ್ಟವಳು ನಾನು.

ಬಾನೆಟ್ ತೆಗೆಯಿರಿ ಅಂದೆ. ತೆಗೆದ: ಡಿಕ್ಕಿ.
ಒಳಗೆ ಟೈಲ್ಸಿನ ಸ್ಯಾಂಪಲ್ಲು.
ಹಿಂದೆ ತೆಗೆದ: ಅದೂ ಡಿಕ್ಕಿ. ಮಂಡಿಯ ಪಟ್ಟಿ, ನೋವಿನ ಮುಲಾಮು.
ಎಂಜಿನ್?
‘ನಮ್ಮ ಬೆನ್ನಿಗೇ ಅಂಟಿಕೊಂಡಿದೆ. ಕಾಣೋದಿಲ್ಲ.
ಕೇಳಿಸ್ಕೋಬೇಕು.’

ಆ ಮಾತಿಗೆ ಬಿದ್ದೆ.

ನಿಂತಾಗ ತಗಡಿನ ಡಬ್ಬದಲ್ಲಿ ಹುರುಳಿ ಅಲ್ಲಾಡಿಸಿದ ಸದ್ದು.
ಓಡಿದಾಗ ಹಸಿಮರಕ್ಕೆ ಗರಗಸ ಒಲಿದು ಇಳಿದ ಸದ್ದು.
ಗಿರಿಸಾಲು ಎದುರಿಗೆ ಎದ್ದು ನಿಂತಿತು.
ಪಕ್ಕದಲ್ಲಿ ಲ್ಯಾನ್ಸಿ, ರೂಢಿಬಲ:
‘ನೂರು ಮೀಟರ್. ಎಡ ಮೂರು. ಮೇಲೆ ಜಲ್ಲಿ. ಬಲ ಐದು, ಬಿಡಿ, ಬಿಡಿ.’
ಮೂವತ್ತು ವರ್ಷ ರ‍್ಯಾಲಿಗಳಲ್ಲಿ ಎಡಸೀಟಿನಲ್ಲಿ ಕೂತು
ಬೇರೆಯವರಿಗೆ ತಿರುವು ಓದಿ ಹೇಳಿದವನು.
ಆಮೇಲೆ ತಾನೇ ಓಡಿಸಲು ಇದನ್ನು ಕೊಂಡ.
‘ಸ್ಟೀರಿಂಗ್ ಹಿಡಿದರೆ ಮುಂದೇನು ಅಂತ ಹೇಳೋರೇ ಇಲ್ಲ ನೋಡಿ.’

ವಾಪಸು ಬಂದು ಜೇಬಿನಿಂದ ಟೇಪು ತೆಗೆದ.
ಎರಡೂ ಸೀಟಿನ ಎತ್ತರ ಅಳೆದ, ಮತ್ತೆ ಅಳೆದ:
ನನ್ನದು ಹದಿನೆಂಟು ಮಿಲಿಮೀಟರು ಹೆಚ್ಚು.
‘ಮಂಡಿಗೆ ಅಷ್ಟೇ ಸಾಕು,’ ಅಂದ. ‘ಮೇಲೆ ಎರಡು ಲಕ್ಷ ಕೊಡಿ.’
ನಾಳೆ ಹೇಳುತ್ತೇನೆ ಅಂದೆ.
ಎಳನೀರಿನ ದುಡ್ಡು ಅವನೇ ಕೊಟ್ಟ. ಹದಿನೈದು ಕಿಲೋಮೀಟರು ಚುಕ್ತಾ.

ಜಬ್ಬಾರನಿಗೆ ಫೋನು ಮಾಡಿದರೆ ನಗುತ್ತಾನೆ:
‘ಮೇಡಂ, ಹೆಸರು ಗೊತ್ತಿರೋ ಕಾಯಿಲೆ ಕೊಟ್ಟು
ಗೊತ್ತಿಲ್ಲದ್ದು ತರ್ತೀರಾ? ಅದಕ್ಕೆ ದುಡ್ಡು ಬೇರೆ?’
ಹೌದು ಕಣೋ. ಬಹುಶಃ ಅದಕ್ಕೇ.

ಹಗರೆಯಲ್ಲಿ ಓರೆಯಾಗಿ ಹತ್ತಿದೆ, ಓರೆಯಾಗಿ ಇಳಿದೆ.
ಈ ಹಂಪಿಗೆ ಅವನ ಕಾರು ಎಷ್ಟು ಓರೆ ಬೇಡುತ್ತದೋ.
ಖಾಲಿ ಎಡಸೀಟಿನಲ್ಲಿ ಏನೋ ಹಳದಿ: ಅವನ ಟೇಪು.
ಮರೆತನೋ, ಬಿಟ್ಟನೋ.

ಮನೆ ಮುಂದೆ ಎಂಜಿನ್ ಆರಿಸಿ ಇಳಿಯಲಿಲ್ಲ.
ಲೋಹ ತಣಿಯುವ ಟಿಕ್, ಟಿಕ್.
ಹನ್ನೊಂದು ವರ್ಷದಲ್ಲಿ ಮೊದಲ ಸಲ ಎಣಿಸಿದೆ.
ನಲವತ್ತೆರಡಕ್ಕೆ ನಿಂತಿತು ಅಂದುಕೊಂಡು ಬಾಗಿಲು ತೆರೆದೆ.
ಆಗ ಇನ್ನೊಂದು.